ಸಿಟ್ಟು ಮತ್ತು ಸೀಟು

ಹೊಸೂರು ರೋಡಿನಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನಾನು ಕಸ ಗುಡಿಸಿ ನೆಲ ಒರೆಸುತ್ತಿದ್ದೆ. ಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಸಿಂಗಸಂದ್ರದ ನಮ್ಮ ಶೀಟಿನ ಮನೆಗೆ ಸಂಜೆ ಮೊದಲು ಬರುವವಳು ನಾನು. ಹಾಗಾಗಿ ಒಂದನೇ ಕ್ಲಾಸಿನ ಮೊಮ್ಮಗಳ ಪಾಠ ನನ್ನ ತಲೆಗೇ ಬಿತ್ತು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ.

ಒಂದು ದಿನ ಅವಳ ಮಿಸ್ ಡೈರಿಯಲ್ಲಿ ಬರೆದು ಕಳಿಸಿದ್ದರು. ಮಗಳು ಓದಿ ಹೇಳಿದಳು: ಇಂಗ್ಲಿಷ್ ಡಿಕ್ಟೇಷನ್ನಿನಲ್ಲಿ ಗಿಡ್ಡ ಸ್ವರ ಯಾವುದು, ಉದ್ದ ಸ್ವರ ಯಾವುದು ಅಂತ ಹುಡುಗಿಗೆ ತಿಳಿಯುತ್ತಿಲ್ಲ, ಮುಂದಿನ ವಾರವೂ ಹೀಗೇ ಆದರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ. ಹೇಳಿದವಳು ಊಟ ಮಾಡದೆ ಮಲಗಿಬಿಟ್ಟಳು.

ಮಾರನೇ ದಿನ ಗೋಡೆಗೆ ಒರಗಿ, ಕಾಲು ಚಾಚಿ, ಓದಿಸಿದೆ. ಸಿಟ್ ಅನ್ನುವುದನ್ನೂ ಸೀಟ್ ಅನ್ನುವುದನ್ನೂ ಒಂದೇ ಥರ ಓದಿದಳು. ಪುಸ್ತಕದಲ್ಲಿ ನೋಡಿದರೆ ಮೊದಲನೆಯದಕ್ಕೆ ಮಧ್ಯೆ ಒಂದು ಅಕ್ಷರ, ಎರಡನೆಯದಕ್ಕೆ ಎರಡು.

"ನಮ್ಮ ಕಾಗುಣಿತದಲ್ಲಿ ಗುಡಿಸು, ಗುಡಿಸಿನ ದೀರ್ಘ ಅಂತ ಇದೆಯಲ್ಲೇ. ಇದರಲ್ಲಿ ಇಲ್ವಾ?"

"ಇಲ್ಲ ಅಜ್ಜಿ. ನೀನು ಗುಡಿಸೋಕೆ ತಾನೆ ಹೋಗೋದು, ನಿಂಗೆ ಅದೇ ಜ್ಞಾನ."

ಸಾಕಾಗಿ ಕಣ್ಣು ಮುಚ್ಚಿದೆ. ಅವತ್ತು ಬಸ್ಸಿನಲ್ಲಿ ಸೀಟು ಸಿಗದೆ ಒಂದು ಗಂಟೆ ನಿಂತೇ ಬಂದಿದ್ದೆ. ಬಸ್ಸು, ಸೀಟು ಅಂತ ಗೊಣಗಿಕೊಂಡಾಗ ಹೊಳೆಯಿತು. ಗಿಡ್ಡದ್ದಕ್ಕೆ ನಾವು ಒತ್ತು ಕೊಡುತ್ತೇವೆ: ಬಸ್ಸು, ಪೆನ್ನು, ಬಿಲ್ಲು. ಉದ್ದದ್ದಕ್ಕೆ ಕೊಡಲ್ಲ: ಸೀಟು, ಶೀಟು, ರೂಮು.

"ಮಿಸ್ ಹೇಳಿದ ಪದಕ್ಕೆ ಕೊನೇಲಿ ಒಂದು ಉ ಸೇರಿಸ್ಕೊ, ಮನಸಲ್ಲೇ. ಸಿಟ್ಟು ಅಂತ ಒತ್ತು ಬಂತಾ, ಮಧ್ಯೆ ಒಂದೇ ಅಕ್ಷರ. ಸೀಟು ಅಂತ ಎಳೀತಾ, ಎರಡು."

"ಹಿಟ್ಟು, ಹೀಟು," ಅಂದಳು. ವಾರ ಪೂರ್ತಿ ಅದೇ ಜಪ. ನನಗೆ ತಲೆನೋವು.

ಡಿಕ್ಟೇಷನ್ನಿನಲ್ಲಿ ಒಂದೇ ತಪ್ಪು ಬಂತು. ಆದರೂ ಮಿಸ್ ಕರೆಸಿದರು. ಮಗಳಿಗೆ ರಜೆ ಸಿಗಲಿಲ್ಲ, ನಾನೇ ಹೋದೆ.

"ಬರೆಯೋದು ಸರಿಹೋಯ್ತು. ಆದರೆ ಓದುವಾಗ ಸಿಟ್ಟು ಡೌನು ಅಂತಾಳೆ. ಕ್ಲಾಸೆಲ್ಲ ನಗುತ್ತೆ. ಯಾರಮ್ಮ ಕಲಿಸಿದ್ದು?"

"ನಾನೇ ಮೇಡಂ. ಮನಸಲ್ಲಿ ಅಂದಿದ್ದೆ, ಅವಳು ಬಾಯಲ್ಲಿ ಅಂತಾಳೆ."

"ಆ ಉ ಬಿಡಿಸಿ."

"ಮೊದಲು ಎರಡನೇ ಕ್ಲಾಸಿಗೆ ಹಾಕಿ ಮೇಡಂ, ಆಮೇಲೆ ಬಿಡಿಸ್ತೀನಿ."

ಹಾಕಿದರು. ಬಿಡಿಸುವಷ್ಟು ತ್ರಾಣ ನನಗಿರಲಿಲ್ಲ.