ಬಾಣ ಕೊಯ್ದ ಗರಗಸ

ತೊಂಬತ್ತರ ದಶಕದಲ್ಲಿ ನಾವು ಬೈಲಹೊಂಗಲದಲ್ಲಿದ್ದಾಗ, ನಲವತ್ತು ದಾಟಿದ ನನ್ನ ಯಜಮಾನರಿಗೆ ಬಿಲ್ಲುಗಾರಿಕೆಯ ಹುಚ್ಚು ಹಿಡಿಯಿತು. ಬಾಣಕ್ಕೆಂದು ತಂದ ತೆಳು ಬಿದಿರನ್ನು ಬಡಗಿಯ ದೊಡ್ಡ ಗರಗಸದಿಂದ ಕೊಯ್ದರು. ತುದಿಯೆಲ್ಲ ಸೀಳಿ ಎಳೆ ಎಳೆಯಾಯಿತು.

ಅತ್ತೆ ಒಂದನ್ನು ಎತ್ತಿ ನೋಡಿ, "ಇದು ಬಾಣ ಏನಪಾ, ಕಸಬರಿಗಿ ಏನ?" ಎಂದರು.

"ಕಬ್ಬಿಣ ಕೊಯ್ಯೂ ಸಣ್ಣ ಹಲ್ಲಿನ ಗರಗಸ ತರ್ರಿ," ಎಂದೆ ನಾನು. ತಂದರು. ಕೊಯ್ಯುವ ಜಾಗಕ್ಕೆ ಅಂಟುಪಟ್ಟಿ ಸುತ್ತಿ, ಬಿದಿರನ್ನು ಮೆಲ್ಲಗೆ ತಿರುಗಿಸುತ್ತ ಕೊಯ್ದೆ. ತುದಿ ನುಣ್ಣಗೆ ಬಂತು. ಯಜಮಾನರು ಉಳಿದ ಬಿದಿರನ್ನೆಲ್ಲ ನನ್ನ ಮುಂದಿಟ್ಟರು.

ಮರುದಿನ ಹಿತ್ತಲಲ್ಲಿ ಅವರು ಬಿಟ್ಟ ಮೊದಲ ಬಾಣ ಹುಲ್ಲಿನ ಗುರಿಯನ್ನು ಬಿಟ್ಟು, ಹಗ್ಗದ ಮೇಲೆ ಒಣಗುತ್ತಿದ್ದ ಅವರದೇ ಧೋತರವನ್ನು ತೂರಿಕೊಂಡು ಹೋಯಿತು.

"ಬಾಣ ಛಲೋ ಆಗೇತಿ ನೋಡ," ಎಂದರು ಯಜಮಾನರು, ಧೋತರವನ್ನು ಅವಸರದಿಂದ ಮಡಚುತ್ತ.