ಎಣ್ಣೆ ಗಟ್ಟಿಯಾದರೆ ಬಸ್ಸು

ವಿಜಯನಗರದ ಆ ಅಡ್ಡರಸ್ತೆಯಲ್ಲಿ ವೆಂಕಟಸ್ವಾಮಿ ಬರುತ್ತಿದ್ದಾನೆ ಅನ್ನುವುದು ಅವನಿಗಿಂತ ಮೊದಲು ಅವನ ಸೈಕಲ್ಲಿನ ಗಂಟೆಯಿಂದ ಗೊತ್ತಾಗುತ್ತಿತ್ತು. ಗಂಟೆಯ ಬಟ್ಟಲು ಸಡಿಲವಾಗಿ ವರ್ಷಗಳೇ ಆಗಿದ್ದವು. ಕಲ್ಲು ಸಿಕ್ಕರೆ, ಹಳ್ಳ ಸಿಕ್ಕರೆ, ಚರಂಡಿಯ ಚಪ್ಪಡಿ ಸಿಕ್ಕರೆ ತಾನೇ ಕಿಣಿಕಿಣಿ ಅನ್ನುತ್ತಿತ್ತು. ರಿಪೇರಿ ಮಾಡಿಸುತ್ತೇನೆಂದರೆ ಗೆಳೆಯ ಶಂಭುಲಿಂಗಪ್ಪ ಬಿಡುತ್ತಿರಲಿಲ್ಲ.

“ಇರಲಿ ಬಿಡಪಾ. ಹಸು ಮನೆಗೆ ಬಂತು ಅಂತ ಒಳಗೆ ಕೂತೇ ತಿಳೀತದೆ ನನಗೆ.”

ವೆಂಕಟಸ್ವಾಮಿ ಸುಂಕದಕಟ್ಟೆಯವನು. ಮಾತು ಕಡಿಮೆ. ಪೀಣ್ಯದ ಒಂದು ಪಂಪು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದ. ಶಂಭುಲಿಂಗಪ್ಪ ದಾವಣಗೆರೆ ಕಡೆಯವನು, ಮಾತಿನ ಮಲ್ಲ. ಅದೇ ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದಿದ್ದ ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಸಂಜೆ ಬಿಡುವ ಹೊತ್ತು ಇಬ್ಬರಿಗೂ ಬೇರೆ ಬೇರೆ, ಬೆಳಿಗ್ಗೆ ಮಾತ್ರ ಜೊತೆ. ಟೋಲ್‌ಗೇಟ್ ಹತ್ತಿರ ಮಾಗಡಿ ರಸ್ತೆ ದಾಟಿ, ಬಸವೇಶ್ವರನಗರದ ಏರು ಹತ್ತಿ, ಲಗ್ಗೆರೆಯ ರಾಗಿ ಹೊಲಗಳ ಪಕ್ಕ ಇಳಿಯುವ ತನಕ ಶಂಭುಲಿಂಗಪ್ಪನ ಬಾಯಿಗೆ ಬಿಡುವಿರುತ್ತಿರಲಿಲ್ಲ. ಅವನ ಸೋದರಮಾವನ ಕಥೆಯನ್ನು ವೆಂಕಟಸ್ವಾಮಿ ಎಷ್ಟು ಸಲ ಕೇಳಿದ್ದನೋ. ಆ ಮಾವನಿಗೆ ಸೈಕಲ್ ಹತ್ತುವುದು ಬಂತಂತೆ, ಇಳಿಯುವುದು ಬರಲಿಲ್ಲವಂತೆ. ಊರ ಚಾವಡಿಯ ಸುತ್ತ ಸುತ್ತಿ ಸುತ್ತಿ ಮಧ್ಯಾಹ್ನವಾಯಿತಂತೆ. ಕೊನೆಗೆ ಅಜ್ಜಿ ಪಕ್ಕದಲ್ಲೇ ಓಡುತ್ತಾ ಬಾಯಿಗೆ ರೊಟ್ಟಿ ತುರುಕಿದಳಂತೆ. ಪ್ರತಿ ಸಲವೂ ವೆಂಕಟಸ್ವಾಮಿ ಹ್ಯಾಂಡಲ್ ಅಲುಗುವ ಹಾಗೆ ನಗುತ್ತಿದ್ದ. ಇಡೀ ದಿನ ಲೇತಿನ ಸದ್ದಿನಲ್ಲಿ ಯಾರೂ ಯಾರೊಂದಿಗೂ ಮಾತಾಡುವಂತಿರಲಿಲ್ಲ. ಬೆಳಗಿನ ಆ ಮಾತನ್ನೇ ಅವನು ಸಂಜೆಯವರೆಗೆ ಬುತ್ತಿಯಂತೆ ಕಟ್ಟಿಕೊಂಡು ಹೋಗುತ್ತಿದ್ದ.

ಒಂದು ಚಳಿಗಾಲ ಮಂಜಿನಲ್ಲಿ ಸೈಕಲ್ ತುಳಿದು ತುಳಿದು ವೆಂಕಟಸ್ವಾಮಿಗೆ ನ್ಯುಮೋನಿಯಾ ಆಯಿತು. ಶಂಭುಲಿಂಗಪ್ಪನೇ ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಒಯ್ದಿದ್ದ. ವಿಪರೀತ ಚಳಿ ಇದ್ದರೆ ಸೈಕಲ್ ಮುಟ್ಟಬೇಡಿ, ಎದೆ ತಡೆಯೋಲ್ಲ ಅಂದರು ಡಾಕ್ಟರು.

“ವಿಪರೀತ ಅಂದರೆ ಎಷ್ಟು ಸಾರ್?” ಎಂದು ಶಂಭುಲಿಂಗಪ್ಪ ಕೇಳಿದ.

“ಅದನ್ನ ನಾನು ಹೇಗಯ್ಯ ಹೇಳಲಿ?”

ಹೊರಗೆ ಬಂದ ಮೇಲೆ ಶಂಭುಲಿಂಗಪ್ಪ ತಾನೇ ಹೇಳಿದ. “ನಾನು ಹೇಳ್ತೀನಿ ಕೇಳು. ನಮ್ಮನೆ ಕಿಟಕಿ ಮೇಲೆ ರಾತ್ರಿ ಕೊಬ್ಬರಿ ಎಣ್ಣೆ ಸೀಸೆ ಮಲಗಿಸಿ ಇಡ್ತೀನಿ. ಬೆಳಿಗ್ಗೆ ಎಣ್ಣೆ ಅಲುಗಿದರೆ ಸೈಕಲ್ಲು. ಗಟ್ಟಿಯಾಗಿದ್ದರೆ ಬಸ್ಸು. ಗೇಟಿನ ಮೇಲೆ ಟವಲ್ ಹಾಕಿರ್ತೀನಿ, ನೀನು ನೋಡ್ಕೊಂಡು ಸೀದಾ ಸ್ಟಾಪಿಗೆ ಹೋಗು.”

ವೆಂಕಟಸ್ವಾಮಿಯದು ವಠಾರದ ಒಳಮನೆ. ಒಂದೇ ಗೋಡೆಯಾಚೆ ನಾಲ್ಕು ಒಲೆ ಉರಿಯುತ್ತಿದ್ದವು, ಕಿಟಕಿ ಅಂತ ಒಂದೂ ಇರಲಿಲ್ಲ. ಅಲ್ಲಿ ಎಣ್ಣೆ ಯಾವ ಮಾಗಿಗೂ ಗಟ್ಟಿಯಾಗುತ್ತಿರಲಿಲ್ಲ. ಹೀಗಾಗಿ ಅವನ ಎದೆಯ ಯೋಗಕ್ಷೇಮ ಗೆಳೆಯನ ಕಿಟಕಿಯ ಮೇಲೆ ಉಳಿಯಿತು. ಟವಲ್ ಬೀಳುವುದು ವರ್ಷಕ್ಕೆ ಅಷ್ಟೋ ಇಷ್ಟೋ ದಿನ. ಆ ದಿನ ಶಂಭುಲಿಂಗಪ್ಪ ತನ್ನ ಷಡ್ಡಕನ ಲೂನಾ ಹಿಂದೆ ಕೂತು ಹೋಗುತ್ತಿದ್ದ. ವೆಂಕಟಸ್ವಾಮಿ ಬಸ್ಸಿನಲ್ಲಿ ಜನರ ಕಂಕುಳ ಕೆಳಗೆ ನಿಂತು, ನಾಳೆ ಬಿಸಿಲು ಬರಲಪ್ಪಾ ಅಂದುಕೊಳ್ಳುತ್ತಿದ್ದ.

ಎಂಬತ್ತನಾಲ್ಕರ ದಸರೆಗೆ ಶಂಭುಲಿಂಗಪ್ಪ ಸೂಪರ್‌ವೈಸರ್ ಆದ. ಬೀದಿಗೆಲ್ಲ ಮೈಸೂರುಪಾಕು ಹಂಚಿದ. ವೆಂಕಟಸ್ವಾಮಿಗೆ ಎರಡು ತುಂಡು. ಕಾರ್ತಿಕ ಕಳೆದು ಚಳಿ ಶುರುವಾಯಿತು, ಗೇಟಿನ ಮೇಲೆ ಟವಲ್ ಬಿತ್ತು. ಮರುದಿನವೂ ಇತ್ತು. ಆ ವಾರವೆಲ್ಲ ಇತ್ತು. ಮುಂದಿನ ವಾರವೂ.

“ಈ ಸಲ ಎಂಥ ಚಳಿ ಮಾರಾಯ, ಎಣ್ಣೆ ಕಲ್ಲಾಗಿಬಿಡ್ತದೆ,” ಎಂದು ಶಂಭುಲಿಂಗಪ್ಪ ಸಂಜೆ ಸಿಕ್ಕಾಗ ಹೇಳುತ್ತಿದ್ದ. ವೆಂಕಟಸ್ವಾಮಿಗೆ ಅಷ್ಟೇನೂ ಅನ್ನಿಸಿರಲಿಲ್ಲ. ಆದರೆ ನ್ಯುಮೋನಿಯಾ ಬಂದ ವರ್ಷವೂ ಅವನಿಗೆ ಅಷ್ಟೇನೂ ಅನ್ನಿಸಿರಲಿಲ್ಲವಲ್ಲ. ತನ್ನ ಮೈಗಿಂತ ಗೆಳೆಯನ ಸೀಸೆಯನ್ನು ನಂಬುವುದು ಅವನಿಗೆ ಅಭ್ಯಾಸವಾಗಿತ್ತು. ಸೈಕಲ್ಲಿನ ಸೀಟಿನ ಮೇಲೆ ವಠಾರದ ಕೋಳಿ ಕೂರತೊಡಗಿತು.

ಒಂದು ಭಾನುವಾರ ಗಾಳಿ ಪಂಪು ಕೇಳಲು ಅವನು ಶಂಭುಲಿಂಗಪ್ಪನ ಮನೆಗೆ ಹೋದ. ಗಂಡ ಮನೆಯಲ್ಲಿರಲಿಲ್ಲ. ಹೆಂಡತಿ ಬಸವ್ವ ಮೆಟ್ಟಿಲ ಮೇಲೆ ಕೂತು ಮಗಳ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಬಿಸಿಲಿನ್ನೂ ಅಲ್ಲಿಗೆ ಬಂದಿರಲಿಲ್ಲ. ಎಣ್ಣೆ ಅವಳ ಬೊಗಸೆಯಲ್ಲಿ ನೀರಿನ ಹಾಗೆ ಇತ್ತು.

“ಏನಕ್ಕ, ಒಲೆ ಪಕ್ಕ ಇಟ್ಟು ಕರಗಿಸಿದ್ರಾ?”

“ಒಲೆ ಯಾಕ್ರಿ ವೆಂಕಟಣ್ಣ? ನಮ್ಮನೆ ಎಣ್ಣೆ ಈ ವರ್ಷ ಗಟ್ಟಿಯೇ ಆಗಿಲ್ಲ. ದೀಪಾವಳಿಗೇ ಹರಳೆಣ್ಣೆ ಬೆರೆಸಿಬಿಟ್ಟೆ. ಹೋದ ವರ್ಷ ಕಡ್ಡಿ ಹಾಕಿ ಕೆದಕಿ ಸಾಕಾಗಿತ್ತು ನೋಡ್ರಿ. ಹರಳೆಣ್ಣೆ ಬಿದ್ದರೆ ಎಂಥ ಚಳಿಗೂ ಜಗ್ಗೋದಿಲ್ಲ.”

“ಕಿಟಕಿ ಮೇಲಿನ ಸೀಸೇಲೂ ಇದೇನಾ?”

“ಮತ್ತೆ? ಮನೆಗೆ ಇರೋದು ಅದೊಂದೇ ಸೀಸೆ.” ಅವಳು ಮಗಳ ಜಡೆ ಎಳೆದಳು. “ಅಲುಗಾಡಬ್ಯಾಡ ಕೂತ್ಕೋ.”

ಪಂಪು ತೆಗೆದುಕೊಳ್ಳದೆಯೇ ವೆಂಕಟಸ್ವಾಮಿ ಮನೆಗೆ ಬಂದ. ಶಂಭುಲಿಂಗಪ್ಪನಿಗೆ ಗೊತ್ತಿರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಹೇಳಿಕೊಂಡಷ್ಟೂ ಮಾತು ಬೇರೆ ಕಡೆಗೇ ತಿರುಗುತ್ತಿತ್ತು. ಗೊತ್ತಿಲ್ಲದಿದ್ದರೆ, ಅಲುಗುವ ಎಣ್ಣೆ ನೋಡಿ ಅವನು ದಿನವೂ ಸೈಕಲ್ ಅನ್ನಬೇಕಿತ್ತು. ಕಲ್ಲಾಗಿದೆ ಅಂದನಲ್ಲ. ಅಂದರೆ ಸೀಸೆಯ ಕಡೆ ಅವನು ಕಣ್ಣೆತ್ತಿಯೂ ನೋಡಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿನ ಮೇಲೆ ಟವಲ್ ಇತ್ತು. ವೆಂಕಟಸ್ವಾಮಿ ಸೀದಾ ಹೋಗಲಿಲ್ಲ. ಗೇಟಿನೊಳಗೆ ಹೋಗಿ, ಕಿಟಕಿಯ ಕಂಬಿಯ ನಡುವೆ ಕೈ ತೂರಿಸಿ ಸೀಸೆಯನ್ನು ಒಂದಿಷ್ಟು ಓರೆ ಮಾಡಿದ. ಎಣ್ಣೆ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಹರಿಯಿತು. ಮತ್ತೆ ಓರೆ ಮಾಡಿದ. ಮತ್ತೆ ಹರಿಯಿತು. ಹಾಗೆ ನಿಂತದ್ದರಲ್ಲಿ ಅವನ ಮಾಮೂಲಿ ಬಸ್ಸು ಹೋಗಿಬಿಟ್ಟಿತು.

ಟೋಲ್‌ಗೇಟ್ ಸ್ಟಾಪಿನಲ್ಲಿ ಮುಂದಿನ ಬಸ್ಸಿಗಾಗಿ ಅವನು ನಿಂತಿದ್ದ. ಒಂದು ಮರಳು ಲಾರಿ ರಸ್ತೆಗೆ ಅಡ್ಡ ತಿರುಗಿಕೊಳ್ಳುತ್ತಿತ್ತು. ಅದರ ಹಿಂದೆ ಸಿಕ್ಕಿಕೊಂಡ ಸೈಕಲ್ಲುಗಳ ಗುಂಪಿನಿಂದ ಒಂದು ಪರಿಚಿತ ದನಿ ಕೇಳಿಸಿತು.

“...ಹತ್ತೋದು ಬರ್ತದೆ ಸರ್, ಇಳಿಯೋದು ಬರೋದಿಲ್ಲ! ನಮ್ಮ ಅಜ್ಜಿ ಪಕ್ಕದಲ್ಲೇ ಓಡಿಕೊಂಡು...”

ಶಂಭುಲಿಂಗಪ್ಪ ತನ್ನ ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತಿದ್ದ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಪ್ಯಾಂಟು, ಫುಲ್ ಸ್ವೆಟರಿನ ಒಬ್ಬರು ಹೊಸ ಸೈಕಲ್ ಹಿಡಿದು ನಗುತ್ತಿದ್ದರು. ಅವರು ಬಣ್ಣದ ಕಾರ್ಖಾನೆಯ ಆಫೀಸಿನ ಏಕಾಂತಯ್ಯನವರು. ಅವರ ಹೆಸರನ್ನು ಶಂಭುಲಿಂಗಪ್ಪನ ಬಾಯಲ್ಲಿ ವೆಂಕಟಸ್ವಾಮಿ ಸಾಕಷ್ಟು ಸಲ ಕೇಳಿದ್ದ. ನಗುತ್ತಾ ನಗುತ್ತಾ ಶಂಭುಲಿಂಗಪ್ಪ ಈ ಕಡೆ ತಿರುಗಿದ. ಅಜ್ಜಿಯ ರೊಟ್ಟಿ ಬಾಯಲ್ಲೇ ಉಳಿಯಿತು.

“ಓ... ವೆಂಕಟಸ್ವಾಮಿಯವರು. ಬಸ್ಸು ಬರಲಿಲ್ಲವಾ?”

ಇಷ್ಟು ವರ್ಷಗಳಲ್ಲಿ ಅವನು ಒಂದು ಸಲವೂ ಆ ‘ಅವರು’ ಸೇರಿಸಿರಲಿಲ್ಲ.

“ಇಲ್ಲ.”

“ಎಣ್ಣೆ ಆಮೇಲೆ ಕರಗಿಬಿಡ್ತು ನೋಡಿ. ನಿಮಗೆ ಹೇಳೋಣ ಅಂದರೆ ನೀವು ಹೊರಟುಹೋಗಿದ್ದಿರಿ.”

“ಎಣ್ಣೆನಾ? ಯಾವ ಎಣ್ಣೆ ರೀ?” ಏಕಾಂತಯ್ಯ ಕೇಳಿದರು. ವೆಂಕಟಸ್ವಾಮಿಯ ಖಾಕಿ ಚಡ್ಡಿ, ಮಫ್ಲರು, ಬಟ್ಟೆಯಲ್ಲಿ ಕಟ್ಟಿದ ಊಟದ ಡಬ್ಬಿ ಎಲ್ಲವನ್ನೂ ನೋಡಿ, “ಯಾರಿವರು?” ಅಂದರು.

“ನಮ್ಮ ಬೀದಿಯವರು ಸರ್,” ಎಂದ ಶಂಭುಲಿಂಗಪ್ಪ.

ಲಾರಿ ಸರಿಯಿತು. ಇಬ್ಬರೂ ಪೆಡಲ್ ತುಳಿದು ಬಸವೇಶ್ವರನಗರದ ಏರಿನ ಕಡೆ ಹೋದರು. ನನ್ನನ್ನೇ ಕೇಳಿದ್ದರೆ ಆಗಿತ್ತಲ್ಲ, ಎಂದುಕೊಂಡ ವೆಂಕಟಸ್ವಾಮಿ. ಇವತ್ತಿಂದ ನೀನು ಬೇರೆ ಹೋಗಪಾ ಅಂದಿದ್ದರೆ ಬೇರೆ ಹೋಗುತ್ತಿದ್ದೆ. ಆ ಸೀಸೆಯನ್ನು ನಡುವೆ ಯಾಕೆ ತಂದ? ನಾನು ಸಾಯಬಾರದು ಅಂತ ಇಟ್ಟ ಸೀಸೆ ಅದು.

ಮರುದಿನ ನಿಜವಾಗಿಯೂ ಚಳಿ ಕೊರೆಯುತ್ತಿತ್ತು. ವಠಾರದ ನಲ್ಲಿಯ ಬಾಯಲ್ಲಿ ಮಂಜು ಹಬೆಯಾಡುತ್ತಿತ್ತು. ವೆಂಕಟಸ್ವಾಮಿ ಕೋಳಿಯನ್ನು ಓಡಿಸಿ, ಸೀಟು ಒರೆಸಿ, ಸೈಕಲ್ಲನ್ನು ಹೊರಗೆಳೆದ. ಹೆಂಡತಿ ರಾಮಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು.

“ಟವಲ್ ನೋಡ್ಕೊಂಡು ಬಂದ್ರಾ?”

“ಇಲ್ಲ.”

“ಮತ್ತೆ ಚಳಿ ಎಷ್ಟಿದೆ ಅಂತ ಹೆಂಗೆ ಗೊತ್ತಾಗತ್ತೆ?”

“ಮೈ ಇಲ್ಲವೇನೇ ನನಗೆ?” ಎಂದ. ದನಿ ಜೋರಾಯಿತೆಂದು ಅವನಿಗೇ ಅನ್ನಿಸಿತು. ರಾಮಕ್ಕ ಅವನ ಮಫ್ಲರನ್ನು ಎದೆಯ ಮೇಲೆ ಎರಡು ಸುತ್ತು ಹೆಚ್ಚು ಸುತ್ತಿ ಗಂಟು ಹಾಕಿದಳು.

ಬೀದಿಯ ಆ ಕೊನೆಯಲ್ಲಿ ಗೇಟಿನ ಮೇಲೆ ಟವಲ್ ಒದ್ದೆಯಾಗಿ ನೇತಾಡುತ್ತಿತ್ತು. ಒಳಗೆ ದೀಪ ಉರಿಯುತ್ತಿತ್ತು, ಕಿಟಕಿಯಾಚೆ ಯಾರೋ ಓಡಾಡುತ್ತಿದ್ದರು. ಗೇಟಿನ ಮುಂದೆಯೇ ಚರಂಡಿಯ ಚಪ್ಪಡಿ. ಎಂದಿನಂತೆ ಗಂಟೆ ಕಿಣಿಗುಟ್ಟುವ ಜಾಗ. ಮುಂದಿನ ಚಕ್ರ ಚಪ್ಪಡಿಗೆ ತಾಗುವ ಮೊದಲೇ ವೆಂಕಟಸ್ವಾಮಿ ಹ್ಯಾಂಡಲಿನಿಂದ ಒಂದು ಕೈ ತೆಗೆದು ಗಂಟೆಯ ಬಟ್ಟಲನ್ನು ಗಟ್ಟಿಯಾಗಿ ಮುಚ್ಚಿ ಹಿಡಿದ. ಕಬ್ಬಿಣ ಅಂಗೈಯನ್ನು ಸುಡುವಷ್ಟು ತಣ್ಣಗಿತ್ತು. ಸೈಕಲ್ಲು ಸದ್ದಿಲ್ಲದೆ ದಾಟಿತು.