ಅಕ್ಕನಿಗೆ ಬಾರದ ಜ್ವರ

ಟೆಕ್ಸಸ್‌ನ ಫ್ಲವರ್ ಮೌಂಡ್ ಊರಿನ ನನ್ನ ಮನೆಯ ಪಕ್ಕಕ್ಕೆ ಈಚೆಗೆ ಬಂದವರು ಹೂವಿನ ಪಾತಿಯ ಅಂಚಿಗೆ ರೈಲು ಹಳಿಯ ಅಡಿಗೆ ಹಾಕುವ ಹಳೆಯ ಮರದ ಸ್ಲೀಪರುಗಳನ್ನು ತಂದು ಹಾಕಿದ್ದಾರೆ. ಬಿಸಿಲೇರಿದರೆ ಆ ಮರದಿಂದ ಡಾಂಬರಿನ ವಾಸನೆ ಏಳುತ್ತದೆ. ನಿಮಗೆ ಹಿಡಿಸಲಿಕ್ಕಿಲ್ಲ. ಗದಗ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಅದು ಅಪ್ಪನ ಅಂಗಿಯ ವಾಸನೆ. ಅಲ್ಲಿಂದ ಮನಸ್ಸು ಅಕ್ಕನ ಕಡೆಗೆ ಹೋಗುತ್ತದೆ. ಅಕ್ಕನ ಕಡೆಗೆ ಹೋದರೆ ತಲೆ ತಾನಾಗಿ ತಗ್ಗುತ್ತದೆ.

ನಾನು ಓದಿದ್ದು ಏಳನೆಯ ಇಯತ್ತೆ. ಅಕ್ಕ ನಾಲ್ಕಕ್ಕೇ ಬಿಟ್ಟಳು. ಅವ್ವ ಹೋದ ಮೇಲೆ ನನ್ನನ್ನು ಎತ್ತಿಕೊಳ್ಳುವವರು ಬೇಕಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯ ಸಾಹುಕಾರರೊಬ್ಬರು ಟೆಕ್ಸಸ್‌ನ ತಮ್ಮ ಪೆಟ್ರೋಲ್ ಬಂಕಿನ ಅಂಗಡಿ ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಅಂಗಡಿ ರೈಲು ಹಳಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ. ಆಗ ನನ್ನ ವಾಸ ಅಲ್ಲಿಂದ ಮುಕ್ಕಾಲು ತಾಸಿನ ದಾರಿ, ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ, ಒಬ್ಬನೇ. ಭಾವ ತೀರಿಕೊಂಡ ಮೇಲೆ ಅಕ್ಕ ಆರು ತಿಂಗಳಿಗೆಂದು ಬಂದಳು. ಒಬ್ಬಳನ್ನೇ ಬಿಡಬಾರದೆಂದು ದಿನಾ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆ.

ಆ ಊರಲ್ಲಿ ಪ್ರಯಾಣಿಕರ ಗಾಡಿ ನಿಂತು ಎಷ್ಟೋ ವರ್ಷವಾಗಿತ್ತು. ಹಳೆಯ ಸ್ಟೇಷನ್ನೇ ವಸ್ತುಸಂಗ್ರಹಾಲಯ. ಡೊರತಿ ಎಂಬ ಮುದುಕಿ ಅದರ ಬಾಗಿಲು ತೆಗೆದು ಕೂರುತ್ತಿದ್ದಳು. ಅಂಗಡಿಯಲ್ಲಿ ಬೇಸರವಾದ ಅಕ್ಕ ಒಂದು ದಿನ ಅಲ್ಲಿಗೆ ನಡೆದು ಹೋದವಳು ಮರುದಿನವೂ ಹೋದಳು. ಇವಳಿಗೆ ಇಂಗ್ಲಿಷಿಲ್ಲ, ಅವಳಿಗೆ ಕನ್ನಡವಿಲ್ಲ. ಗೋಡೆಯ ಮೇಲಿನ ಫೋಟೋಗಳೇ ಇಬ್ಬರಿಗೂ ಪಾಠದ ಪುಸ್ತಕ.

ಮೊದಲು ಊರು ಎರಡು ಮೈಲಿ ಆಚೆ ಹಳ್ಳದ ದಂಡೆಯಲ್ಲಿತ್ತಂತೆ. ಹಳಿ ಈ ಕಡೆ ಬಿತ್ತು. ಜನ ತಮ್ಮ ಮರದ ಮನೆಗಳನ್ನು ದಿಮ್ಮಿಗಳ ಮೇಲೆ ಕೂರಿಸಿ, ಎತ್ತು ಹೂಡಿ, ಹುಲ್ಲುಗಾವಲಿನ ಮೇಲೆ ಉರುಳಿಸಿಕೊಂಡು ಹಳಿಯ ಹತ್ತಿರಕ್ಕೆ ತಂದರಂತೆ. ಆಮೇಲೆ ಎಂಜಿನ್ನಿಗೆ ನೀರಿನ ಟಾಕಿ, ಹತ್ತಿ ಜಿನ್ನು, ಅಂಚೆಕಚೇರಿ, ಇಟ್ಟಿಗೆಯ ಬೀದಿ. ಗೋರಿಗಳು ಮಾತ್ರ ಹಳ್ಳದ ದಂಡೆಯಲ್ಲೇ ಉಳಿದವು. ದಾರಿಯುದ್ದಕ್ಕೂ ಕಾರಿನಲ್ಲಿ ಅಕ್ಕ ಇದನ್ನು ನನಗೆ ಹೇಳುತ್ತಿದ್ದಳು.

"ನಮ್ಮ ಜಂಕ್ಷನ್ನೂ ಹಿಂಗ ಅಲ್ಲೇನೋ ತಮ್ಮಾ? ಮೊದಲ ನೀರಿನ ಟಾಕಿ, ಆಮ್ಯಾಲ ಚಾದ ಅಂಗಡಿ, ಆಮ್ಯಾಲ ಜಗಳಾ. ಜಗಳಾ ಶುರುವಾತಂದ್ರ ಊರಾತಂತ ತಿಳಿ."

"ಇಲ್ಲಿ ಜಗಳಾ ಎಲ್ಲೈತಿ?"

"ಎರಡು ಚರ್ಚ್ ಎದರಾಬದರಾ ಅದಾವಲ್ಲೋ."

ಮೊದಲ ರೈಲು ಬಂದ ದಿನವನ್ನು ಆ ಊರವರು ಪ್ರತಿವರ್ಷ ಆಚರಿಸುತ್ತಾರೆ. ಪ್ಲಾಟ್‌ಫಾರ್ಮಿನ ಮೇಲೆ ಮನೆಗೊಬ್ಬರಂತೆ ನಿಂತು, ತಮ್ಮವರು ಇಲ್ಲಿಗೆ ಹೇಗೆ ಬಂದರೆಂದು ಎರಡು ಮಾತು ಹೇಳುತ್ತಾರೆ. ನೀನೂ ಹೇಳು ಎಂದಳು ಡೊರತಿ. ಅಕ್ಕ ಒಂದು ತಿಂಗಳು ಅಭ್ಯಾಸ ಮಾಡಿದಳು. ರೊಟ್ಟಿ ಬಡಿಯುವಾಗಲೂ ಬಾಯಲ್ಲಿ ಅದೇ: "ಮೈ ಫಾದರ್ ರೈಲ್ವೆ ಮ್ಯಾನ್. ಐ ನೋ ಹೌ ಟೌನ್ ಕಮ್."

"ಅಷ್ಟು ಮಂದಿ ಮುಂದ ನಿಂದ್ರತೀ?" ಎಂದೆ.

"ಯಾಕ, ನಾ ಏನ್ ಕಳವು ಮಾಡೇನೇನು?"

ಆ ಮಂದಿ ಯಾರು ಗೊತ್ತೇ? ನನ್ನ ಗಿರಾಕಿಗಳು. ನನ್ನ ಒಂದೊಂದು ಮಾತನ್ನೂ ಮೂರು ಸಲ ಹೇಳಿಸುವವರು. ಅಕ್ಕನನ್ನು ನೋಡಿ ನಕ್ಕರೆ ಅವಳಿಗೆ ನೋವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹಾಗಿರಲಿಲ್ಲ. ಮರುದಿನ ಅವರ ಮುಂದೆ ಕೌಂಟರಿನಲ್ಲಿ ನಿಲ್ಲಬೇಕಾದವನು ನಾನು.

ಆ ದಿನ ಬೆಳಿಗ್ಗೆ, "ಸುಂಟರಗಾಳಿ ಬರ್ತೈತಂತ, ಕಾರ್ಯಕ್ರಮ ಬಂದ್ ಮಾಡ್ಯಾರ" ಎಂದೆ. ಹೊಸ ಸೀರೆ ಉಟ್ಟಿದ್ದ ಅಕ್ಕ ಕಿಟಕಿ ನೋಡಿದಳು. "ಬಿಸಲ ಬಿದ್ದೈತಲ್ಲೋ." "ಸಂಜೀಕ ಬರ್ತೈತಂತ." ಅವಳು ಸೀರೆ ಬಿಚ್ಚಿ ಮಡಚಿಟ್ಟಳು. ನಾನು ಹೋಗಿ ಡೊರತಿಗೆ, ಅಕ್ಕನಿಗೆ ಜ್ವರ ಎಂದೆ. ನಮ್ಮಲ್ಲಾದರೆ ಜ್ವರವೆಂದ ಕೂಡಲೇ ಬ್ರೆಡ್ಡು, ಎಳನೀರು ಹಿಡಿದು ಓಣಿಯೆಲ್ಲ ಬರುತ್ತದೆ. ಅಂಥ ಸುಳ್ಳು ಹೇಳುವ ಧೈರ್ಯ ಆಗುತ್ತಿರಲಿಲ್ಲ. ಅಮೆರಿಕದಲ್ಲಿ ಯಾರು ಬರುತ್ತಾರೆ ಎಂದುಕೊಂಡಿದ್ದೆ.

ಮರುದಿನ ಡೊರತಿ ಬಂದಳು, ಅಕ್ಕ ಕೊಟ್ಟಿದ್ದ ವಿಳಾಸ ಹುಡುಕಿಕೊಂಡು. ಕೈಯಲ್ಲಿ ಟವೆಲ್ಲು ಸುತ್ತಿದ ಬಿಸಿ ಪಾತ್ರೆ. ಅನ್ನ, ಬೀನ್ಸು, ಚೀಸು. ನಿಮಗೆಂದು ಕೋಳಿ ಹಾಕಿಲ್ಲ ಎಂದಳು. ನಿನ್ನೆ ಎಲ್ಲರೂ ನಿನ್ನನ್ನು ಕೇಳಿದರು, ಈಗ ಜ್ವರ ಹೇಗಿದೆ ಎಂದಳು ಅಕ್ಕನಿಗೆ. ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ಅಕ್ಕ ಒಂದು ಸಲ ನನ್ನ ಮುಖ ನೋಡಿದಳು. ಸೋಫಾದ ಮೇಲೆ ಕೂತು ಸೆರಗು ಹೊದ್ದು ಕೆಮ್ಮಿದಳು. "ಯೆಸ್. ಬ್ಯಾಡ್ ಫೀವರ್."

ಆಮೇಲೆ ಅವಳು ಏನೂ ಕೇಳಲಿಲ್ಲ. ಪಾತ್ರೆ ತೊಳೆದು, ಖಾಲಿ ಕಳಿಸಬಾರದೆಂದು ಶೇಂಗಾ ಉಂಡೆ ತುಂಬಿ ನನ್ನ ಕೈಗೆ ಕೊಟ್ಟಳು. ಸ್ಟೇಷನ್ನಿಗೆ ಮತ್ತೆ ಹೋಗಲಿಲ್ಲ. ಅವಧಿ ಮುಗಿಯುವ ಮೊದಲೇ ಗದಗಿಗೆ ಹೊರಟಳು.

ಈಗ ಆ ಊರಿನ ಹುಲ್ಲುಗಾವಲಿನಲ್ಲೂ ಸಾಲುಮನೆಗಳಾಗಿವೆ. ಪ್ರತಿ ಐತವಾರ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡುತ್ತೇನೆ. ಬಿಸಿಲು, ಮಂಡಿನೋವು ಬಿಟ್ಟು ಬೇರೆ ಮಾತಿಲ್ಲ. ಈ ಐತವಾರ ಗಟ್ಟಿ ಮನಸ್ಸು ಮಾಡಿ ಎಲ್ಲ ಹೇಳಿದೆ. "ಅವತ್ತು ನೀ ಕೆಮ್ಮಿ ನನ್ನ ಮಾನಾ ಉಳಿಸಿದಿ ಅಕ್ಕಾ" ಎಂದೆ.

"ನಿನ್ನ ಸಲುವಾಗಿ ಅಲ್ಲೋ. ಆಕಿ ಪಾಪ ಅಷ್ಟು ದೂರದಿಂದ ಬಿಸಿ ಬಿಸಿ ಹಿಡಕೊಂಡು ಬಂದಿದ್ಲು. ಜ್ವರಾ ಇಲ್ಲಂದ್ರ ಆಕಿಗೆ ಹೆಂಗ ಅನಸ್ತಿತ್ತು?"

ಇಷ್ಟು ವರ್ಷ ನಾನು ಕ್ಷಮೆ ಸಿಕ್ಕಿದವನಂತೆ ಬದುಕಿದ್ದೆ. ಬಾಯಿಬಿಟ್ಟು ಕ್ಷಮೆ ಕೇಳಿಯೇ ಇರಲಿಲ್ಲ. ಆಗ ಕೇಳಿದೆ.

"ನೋಡೂಣು" ಎಂದಳು ಅಕ್ಕ. "ಮುಂದಿನ ಐತವಾರ ಮಾಡು."